ಗುಂಪಿನಲ್ಲಿ ನಾನು ಕೇಳಿದ ಒಂದೇ ಪ್ರಶ್ನೆ

ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ತಾಲೂಕಿನ ಕನ್ನಡ ಶಿಕ್ಷಕರು ಸೇರಿ ಮೊಬೈಲಿನಲ್ಲಿ ಒಂದು ಚರ್ಚಾ ಗುಂಪು ಮಾಡಿಕೊಂಡಿದ್ದೇವೆ. ಚರ್ಚೆ ಹೆಸರಿನಲ್ಲಿ ಮಾತ್ರ. ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಬಂದರೆ ಸಂಜೆಯವರೆಗೆ ಸುತ್ತೋಲೆ, ಹುಟ್ಟುಹಬ್ಬ. ನಾನೂ ಎಲ್ಲದಕ್ಕೂ ಹೆಬ್ಬೆರಳು ಎತ್ತಿ ತೋರಿಸುತ್ತ ವರ್ಷಗಳನ್ನು ದೂಡಿದವನೇ. ಹೋದ ವರ್ಷ ಜೂನ್‌ನಲ್ಲಿ ಮಾತ್ರ ಒಂದು ಪ್ರಶ್ನೆ ಹಾಕಿದೆ: ಹತ್ತನೆಯ ತರಗತಿಗೆ ಬಂದ ಹುಡುಗಿಗೆ ಓದಲು ಬರುವುದಿಲ್ಲ, ಎಲ್ಲಿಂದ ಶುರುಮಾಡಲಿ?

ಬಳಗಾನೂರು ಕಡೆಯ ನಮ್ಮ ಶಾಲೆಯ ಹುಡುಗಿ. ಮನೆಯಲ್ಲಿ ದಖನಿ ಉರ್ದು, ಹೊರಗೆ ನನಗಿಂತ ಜೋರು ಕನ್ನಡ. ಶಾಲೆಗಳು ಮುಚ್ಚಿದ್ದ ದಿನಗಳಲ್ಲಿ ತಾಯಿಯ ಜೊತೆ ಭತ್ತದ ನಾಟಿಗೆ ಹೋದವಳು, ತಿರುಗಿ ಬರುವಷ್ಟರಲ್ಲಿ ಅಕ್ಷರ ಮರೆತಿದ್ದಳು. ಆಮೇಲೆ ಪ್ರತಿಯೊಬ್ಬರೂ ಅವಳನ್ನು ಮುಂದಿನ ತರಗತಿಗೆ ದಾಟಿಸಿದರು. ದಾಟಿಸಿದವರಲ್ಲಿ ನಾನೂ ಒಬ್ಬ. ಹತ್ತರ ಆಚೆ ದಾಟಿಸಲು ತರಗತಿಯೇ ಇಲ್ಲವಾದಾಗ ನನಗೆ ಎಚ್ಚರವಾಯಿತು.

ನನ್ನ ಪ್ರಶ್ನೆಗೆ “ಒಳ್ಳೆಯ ಪ್ರಶ್ನೆ ಸರ್” ಎಂದರು ಒಬ್ಬರು. ಇನ್ನೊಬ್ಬರು ಯೋಗದ ಚಿತ್ರ ಹಾಕಿದರು, ಯಾಕೋ ದೇವರೇ ಬಲ್ಲ. ನಿಜವಾಗಿ ಉತ್ತರಿಸಿದ್ದು ಲಿಂಗಸುಗೂರು ಕಡೆಯ, ನಾನು ಮುಖವನ್ನೇ ನೋಡಿರದ ಒಬ್ಬ ಶಿಕ್ಷಕಿ. ಅವರ ಧ್ವನಿಸಂದೇಶ ಬಂತು: “ಸರ, ಪುಸ್ತಕ ಮುಚ್ಚಿಡ್ರಿ. ಆಕಿ ಬಾಯಾಗ ಬಂದ ಮಾತು ನೀವು ಬರೀರಿ, ಅದನ್ನ ಆಕಿ ಕಡೆ ಓದಸ್ರಿ. ದಿನಾ ನಾಕು ಸಾಲು ಸಾಕು.”

ಹುಡುಗಿಯ ಮೊದಲ ಸಾಲು “ನಮ್ಮ ಆಡು ನಿನ್ನೆ ಎರಡು ಮರಿ ಹಾಕೈತಿ” ಎಂದಾಗಿತ್ತು. ಹಾಗೆಯೇ ಬರೆದೆ. ಬೆರಳಿಟ್ಟು ಓದಿದಳು. ತನ್ನ ಮಾತು ಹಾಳೆಯ ಮೇಲೆ ಕೂತಿದ್ದು ನೋಡಿ ಅವಳಿಗೆ ನಗು. ದಿನವೂ ಪ್ರಾರ್ಥನೆಗೆ ಮೊದಲು ನಾಲ್ಕು ಸಾಲು ನಡೆಯಿತು. ದಸರೆ ರಜೆ ಮುಗಿಯುವ ಹೊತ್ತಿಗೆ ಸಣ್ಣ ಸಣ್ಣ ಪದಗಳನ್ನು ಪಾಠದೊಳಗೆ ತಾನೇ ಹುಡುಕಿ ತೋರಿಸುತ್ತಿದ್ದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಅಷ್ಟು ಖುಷಿಪಟ್ಟಿದ್ದು ಕಡಿಮೆ.

ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತು. ಹೆಡ್ ಮಾಸ್ತರರು ಕರೆದು, “ಓದೋದು ಆಮ್ಯಾಲೆ ಕಲೀತಾಳ, ಮದ್ಲು ಪಾಸ್ ಮಾಡಸ್ರಿ ಸರ. ಆಕಿ ಒಬ್ಬಾಕಿ ಸಲುವಾಗಿ ನಮ್ಮ ಶಾಲಿ ರಿಜಲ್ಟ್ ಹೋಗಬಾರ್ದು,” ಎಂದರು. ಅದೇ ವಾರ ಗುಂಪಿಗೆ ಪಾಸಿಂಗ್ ಪ್ಯಾಕೇಜ್ ಬಂದಿತ್ತು. ಬಂದೇ ಬರುತ್ತವೆ ಎನ್ನುವ ಕೆಲವು ಪ್ರಶ್ನೆ, ಅವುಗಳ ಉತ್ತರ. ನಾನು ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಹುಡುಗಿ ಆ ಉತ್ತರಗಳನ್ನು ಮೆಹಂದಿ ಹಾಕುವ ಹಾಗೆ ನೋಡಿ ನೋಡಿ ಬಿಡಿಸಿ ಕಲಿತಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಶ್ನೆಗಳ ಕ್ರಮ ಬದಲಾಗಿತ್ತು. ಅವಳು ಪ್ಯಾಕೇಜಿನ ಕ್ರಮದಲ್ಲೇ ಬರೆದು ಬಂದಳು. ಆಗ ನಾನು ಕಲಿಸಿದ್ದು ಓದುವುದನ್ನಲ್ಲ, ಪ್ರಶ್ನೆಯ ಮೊದಲ ಪದದ ಆಕಾರ ಗುರುತಿಡುವುದನ್ನು. ಒಂದು ದಿನ ಅವಳೇ ಕೇಳಿದಳು: “ಸರ, ನಮ್ಮ ನಾಕು ಸಾಲು?”

“ಪರೀಕ್ಷಾ ಮುಗೀಲಿ ತಡಿಯವಾ,” ಎಂದೆ.

ಪಾಸಾದಳು. ಶಾಲೆಗೆ ನೂರಕ್ಕೆ ನೂರು. ಗುಂಪಿನ ತುಂಬ ಅಭಿನಂದನೆಯ ಸುರಿಮಳೆ, ನಿಮ್ಮ ಗುಟ್ಟು ಹೇಳಿ ಎಂಬ ಒತ್ತಾಯ. ಲಿಂಗಸುಗೂರಿನ ಶಿಕ್ಷಕಿ ಗುಂಪಿನಲ್ಲಿ ಏನೂ ಹಾಕಲಿಲ್ಲ. ನನಗೊಬ್ಬನಿಗೇ ಬರೆದರು: “ಆ ಹುಡುಗಿ ಈಗ ಓದತಾಳೇನ್ರಿ?”

ಆ ಸಂದೇಶ ನಾನು ನೋಡಿದ್ದು ಅವರಿಗೂ ಗೊತ್ತಾಗಿರುತ್ತದೆ. ಈವರೆಗೆ ಉತ್ತರ ಕೊಟ್ಟಿಲ್ಲ. ನನಗೆ ಸರಿದಾರಿ ತೋರಿಸಿದ್ದು ಅದೇ ಗುಂಪು. ಆದ್ದರಿಂದ ಗುಂಪನ್ನು ಬೈದು ಕೈತೊಳೆದುಕೊಳ್ಳುವ ಹಾಗೂ ಇಲ್ಲ.

ಮಳೆಗಾಲದ ಮೊದಲಿಗೆ ಹುಡುಗಿ ತಾಯಿಯ ಜೊತೆ ಶಾಲೆಗೆ ಬಂದಳು. ಅಂಕಪಟ್ಟಿ ಕೈಗಿಟ್ಟೆ. ಮೇಲಿಂದ ಕೆಳಗೆ ಒಂದು ಸಲ ನೋಡಿ, ಸ್ವಲ್ಪವೂ ಅಳುಕಿಲ್ಲದೆ ಕೇಳಿದಳು: “ಸರ, ಇದರಾಗ ಕನ್ನಡ ಯಾ ಸಾಲಿನ್ಯಾಗ ಐತ್ರಿ?”

ಮೊದಲ ಸಾಲಿನಲ್ಲೇ ಇತ್ತು. ಬೆರಳಿಟ್ಟು ತೋರಿಸಿದೆ. ಅಂಕಿ ಓದಲು ಅವಳಿಗೆ ಬರುತ್ತಿತ್ತು, ನೋಡಿ ಅರಳಿದಳು. ತಾಯಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, “ನೀವು ಇರಲಿಲ್ಲಂದ್ರ ನಮ್ಮ ಹುಡುಗಿ ಕನ್ನಡ ಕಲೀತಿದ್ದಿಲ್ರಿ ಸರ,” ಎಂದರು.