ನಾಕು ದಿನಕ್ಕೆ ಬಂದವಳು

ದೇಶ ಒಡೆದು ಮೂರು ವರ್ಷವಾಗಿತ್ತು. ಮೂಡಲಗಿಯಲ್ಲಿ ನಮ್ಮ ಹಿಂದಿನ ಓಣಿಯ ಪಿಂಜಾರ ಮುದುಕಿಯ ಮಗಳು ಕರಾಚಿಯಿಂದ ಬಂದಳು. ನಮ್ಮ ಗಾದಿಗಳ ಅರಳೆಯನ್ನೆಲ್ಲ ಹಿಂಜಿಕೊಟ್ಟ ಮನೆ ಅದು. ಮುದುಕಿಗೆ ಆಗಲೇ ಕಣ್ಣು ಪೂರಾ ಹೋಗಿದ್ದವು, ಬೇರೆ ಮಕ್ಕಳಿಲ್ಲ. ಅಳಿಯ ದುಡಿಯಲು ಮುಂಬಯಿಗೆ ಹೋದವನು ಗದ್ದಲದ ವರ್ಷ ಹೆಂಡತಿಯನ್ನು ಕರೆದುಕೊಂಡು ಹಡಗು ಹತ್ತಿದ್ದ. ಅಲ್ಲಿ ಜ್ವರ ಬಂದು ಸತ್ತ.

ಅವಳು ತಾಯಿಯನ್ನು ನೋಡಿಹೋಗುವ ಪರ್ಮಿಟ್ಟಿನ ಮೇಲೆ ಬಂದಿದ್ದಳು. ಬಂದ ಮೇಲೆ ಹೋಗುವ ಮನಸ್ಸಾಗಲಿಲ್ಲ.

"ಅಲ್ಲಿ ನನ್ನ ಮಾತು ಯಾರಿಗೂ ತಿಳಿಯಂಗಿಲ್ಲಕ್ಕಾ. ಉಪ್ಪು ಬೇಕಂದ್ರೂ ಕೈ ಮಾಡಿ ತೋರಸಬೇಕು. ಇಲ್ಲಿ ಅವ್ವಗ ಅನ್ನ ಹಾಕವ್ರು ಯಾರು?"

ನೋಡಿಹೋಗಲು ಬರುವವರಿಗೆ ಒಂದು ಪರ್ಮಿಟ್ಟು, ಮರಳಿ ನೆಲೆಸುವವರಿಗೆ ಬೇರೊಂದು ಎಂದು ಕಾನೂನು. ಅವಳು ಗೋಕಾಕದ ಕಚೇರಿಗೆ ಹೋಗಿ, ಎರಡನೆಯದು ಕೊಡಿರೆಂದು ಅರ್ಜಿ ಹಾಕಿದ್ದಳು. ಇದು ನನಗೆ ತಿಳಿದದ್ದು ಆಮೇಲೆ.

ಒಂದು ಬೆಳಗ್ಗೆ ಪೂಜೆ ಮುಗಿಸಿ ಏಳುವಷ್ಟರಲ್ಲಿ ಕಾರಕೂನರೊಬ್ಬರು ಬಾಗಿಲಲ್ಲಿ ನಿಂತಿದ್ದರು. ನಮ್ಮ ಯಜಮಾನರು ಕಲ್ಲೋಳಿಗೆ ಹೋಗಿದ್ದರು. ರೇಷನ್ನಿನ ಕಾರ್ಡಿಗೆ ತಲೆ ಎಣಿಸಲು ಬಂದಿರಬೇಕು ಎಂದುಕೊಂಡೆ.

"ಹಿಂದಿನ ಓಣ್ಯಾಗಿನ ಆ ಹೆಣ್ಮಗಳು ಯಾಕ ಬಂದಾಳ್ರಿ?"

"ತವರಿಗೆ ಬಂದಾಳ್ರಿ."

"ಎಷ್ಟ ದಿನ ಇರ್ತಾಳಂತ?"

"ನಾಕ ದಿನ ಇದ್ದ ಹೊಕ್ಕಾಳ್ರಿ."

ನಮ್ಮಲ್ಲಿ ಹಾಗೇ ಹೇಳುವುದು. ಕೊಟ್ಟ ಹೆಣ್ಣು ತವರಿನಲ್ಲೇ ಉಳಿಯುತ್ತಾಳೆಂದು ಪರಗಂಡಸಿನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ನಾನು ಬಾಣಂತನಕ್ಕೆ ಕಣಗಲಾ ಊರಿನ ತವರಿನಲ್ಲಿ ಐದು ತಿಂಗಳು ಇದ್ದಾಗಲೂ ನಮ್ಮವ್ವ ಕೇಳಿದವರಿಗೆಲ್ಲ ನಾಕು ದಿನ ಅಂತಲೇ ಹೇಳುತ್ತಿದ್ದಳು. ಮುದುಕಿಯ ಮಗಳ ಮಾನ ಕಾಯ್ದೆ ಎಂದುಕೊಂಡು ನಾನು ರೊಟ್ಟಿ ಬಡಿಯಲು ಕೂತೆ.

ಅರ್ಜಿ ನಾಮಂಜೂರಾಯಿತು. ನೆರೆಯವರೇ ತಾತ್ಪೂರ್ತಿಕ, ಅಂದರೆ ಸ್ವಲ್ಪ ದಿನಕ್ಕಷ್ಟೇ, ಬಂದವಳೆಂದು ಹೇಳಿದ್ದಾರೆ ಎಂದು ಬರೆದಿತ್ತು. ಅವಳು ತಂದ ಕಾಗದವನ್ನು ಯಜಮಾನರು ನಮ್ಮಿಬ್ಬರಿಗೂ ಓದಿ ಹೇಳಿದರು. ಮರುದಿನವೇ ಅವರ ಜೊತೆ ಗೋಕಾಕಕ್ಕೆ ಹೋದೆ. ಅದೇ ಕಾರಕೂನರು.

"ತಾಯಿ, ಅವತ್ತೊಂದು ಇವತ್ತೊಂದು ಹೇಳ್ತೀರಲ್ಲ, ಯಾವ್ದು ಖರೆ?"

"ಇವತ್ತಿಂದು ಖರೇರಿ. ಅವತ್ತಿಂದು ಮರ್ಯಾದಿಗೆ ಹೇಳಿದ್ದು."

"ಮರ್ಯಾದಿಗೆ ಇದರಾಗ ಖಾನೆ ಇಲ್ರಿ," ಎಂದು ಚೌಕ ಚೌಕವಾಗಿ ಗೆರೆ ಹಾಕಿದ ಕಾಗದ ಮಡಚಿದರು.

ಪರ್ಮಿಟ್ಟಿನ ಮುದತಿನ ಕೊನೆಯ ದಿನ ಪೊಲೀಸಿನವನೊಬ್ಬ ಬಂದ. ಅವಳ ಹೆಸರಿನಲ್ಲಿ, ನನ್ನ ಸ್ವಂತ ಖುಷಿಯಿಂದ ಮರಳಿ ಹೋಗುತ್ತಿದ್ದೇನೆ, ಯಾರ ಒತ್ತಾಯವೂ ಇಲ್ಲ ಎಂದು ಬರೆದ ಕಾಗದ ಅವನ ಕೈಯಲ್ಲಿತ್ತು.

"ಒಲ್ಲೆ ಅಂದ್ರ?" ಎಂದಳು ಅವಳು.

"ಒಲ್ಲೆ ಅಂದ್ರ ಮೊದಲ ಜೇಲು, ಆಮ್ಯಾಲ ಗಡಿ. ಖುಷಿಲೆ ಹೋದ್ರ ಸೀದಾ ಗಡಿ. ನೋಡವಾ, ನಿನ್ನ ಮರ್ಜಿ."

ಅವಳು ಹೆಬ್ಬೆಟ್ಟು ಒತ್ತಿದಳು. ಮಸಿಯ ಬೆರಳನ್ನು ಸೀರೆಗೆ ಒರೆಸಿಕೊಂಡು ತಾಯಿಯ ಗಲ್ಲ ಹಿಡಿದು, "ನಾಕ ದಿನ ಇದ್ದ ಬರ್ತೀನವ್ವಾ," ಎಂದಳು. ಮುದುಕಿ ತಲೆಯಾಡಿಸಿತು.

ಸಣ್ಣ ದಯೆಗಳನ್ನೂ ಶಿವ ಕೊಟ್ಟ, ಇಲ್ಲವೆನ್ನಲಾರೆ. ಪೊಲೀಸಿನವನು ತಾನೇ ಗಂಟು ಹೊತ್ತ. ದಾರಿಗೆಂದು ಬಡಿದು ಒಣಗಿಸಿಕೊಟ್ಟ ಕಟಿರೊಟ್ಟಿಯನ್ನು ಅವಳು ಎಲ್ಲ ತಿಳಿದೂ ನನ್ನ ಕೈಯಿಂದ ಇಸಿದುಕೊಂಡಳು. ಮುದುಕಿ ನಮ್ಮ ಪಡಸಾಲೆಯಲ್ಲಿ ಆರು ತಿಂಗಳು ಬದುಕಿತು, ನನ್ನ ಕೈಯಿಂದಲೇ ಉಂಡಿತು. ಹೊರಗೆ ಮೋಟಾರಿನ ಸದ್ದಾದರೆ "ನಾಕ ದಿನ ಆತಿಲ್ಲವಾ?" ಎಂದು ಕೇಳುತ್ತಿತ್ತು. ಕಾರಕೂನರಿಗೆ ನಾನು ಆಡಿದ ಮಾತು ಮುದುಕಿಗೆ ಕೊನೆತನಕ ತಿಳಿಯಲಿಲ್ಲ. ಅದನ್ನೂ ದಯೆಯಲ್ಲಿ ಸೇರಿಸಬೇಕೋ ಬಾರದೋ, ಲಿಂಗದ ಮುಂದೆ ಕೂತಾಗಲೂ ನನಗೆ ತಿಳಿದಿಲ್ಲ.