ಬದಲಿಗೆ ಬಂದವಳು

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥ ಮಾತು ಯಾರಾದರೂ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅಪ್ಪ ವಿಜಾಪುರದ ಅಡತಿ ಅಂಗಡಿಯಲ್ಲಿ ಮೂಟೆ ಹೊತ್ತು ಹಮಾಲಿ ಮಾಡಿದವನು. ಅವ್ವನಿಗೆ ಹೆಬ್ಬೆಟ್ಟೇ ಸಹಿ. ಅಂಥ ಮನೆಯಿಂದ ಬಂದು ನರ್ಸಿಂಗ್ ಕಲಿತು, ಆಮೇಲೆ ಮುಂಬಯಿಯಲ್ಲಿ ಬಿ.ಎ. ಮಾಡಿಕೊಂಡವಳು ನಾನು. ಅದರ ಬಗ್ಗೆ ನನಗೆ ಜಂಬವಿತ್ತು, ಈಗಲೂ ಇದೆ, ಯಾಕೆ ಮುಚ್ಚಿಡಲಿ? ಹಾಗಿರುವಾಗ ಇಂಥದೊಂದನ್ನು ಬರೆಯಲು ನನಗೇ ಮುಜುಗರ. ನಡೆದದ್ದನ್ನು ನಡೆದಷ್ಟೇ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಐವತ್ತರ ದಶಕದ ಮಾತು. ಬೈಕುಲ್ಲಾದ ಒಂದು ಮರಾಠಿ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ನರ್ಸ್ ಆಗಿದ್ದೆ. ಕಾಯಂ ಕೆಲಸವಲ್ಲ, ವರ್ಷ ವರ್ಷ ಹೊಸ ಕಾಂಟ್ರಾಕ್ಟ್. ಶಾಲೆ ನಡೆದ ದಿನಕ್ಕೆ ಮಾತ್ರ ಪಗಾರ. ರಜೆ ಬೇಕೆಂದರೆ ಮೊದಲೇ ಹೆಚ್ಚು ದಿನ ದುಡಿದು ಅದನ್ನು ಗಳಿಸಿಕೊಳ್ಳಬೇಕು; ಇಲ್ಲವೇ ನಮ್ಮ ಜಾಗಕ್ಕೆ ಕಲಿತ ನರ್ಸ್ ಒಬ್ಬಳನ್ನು ನಾವೇ ಬದಲಿಗೆ ಕಳಿಸಬೇಕು. ಬದಲಿ ಕೊಡದೆ ತಪ್ಪಿಸಿಕೊಂಡವಳಿಗೆ ಮುಂದಿನ ವರ್ಷ ಕಾಂಟ್ರಾಕ್ಟ್ ಇಲ್ಲ. ಬೆಳಗಿನ ಕಾಲೇಜಿಗೆ ಹೋಗಿ ಅಲ್ಲಿಂದ ನೇರ ಶಾಲೆಗೆ ಓಡುತ್ತಿದ್ದ ನಾನು, ಡಿಗ್ರಿ ಪರೀಕ್ಷೆಗೆಂದೇ ದೀಪಾವಳಿಯ ರಜೆಯಲ್ಲೂ ಶನಿವಾರ ಮಧ್ಯಾಹ್ನಗಳಲ್ಲೂ ದುಡಿದು ದಿನ ಕೂಡಿಹಾಕಿದ್ದೆ. ಒಂದೊಂದು ಪೇಪರಿಗೆ ಒಂದೊಂದು ದಿನ ಎಂದು ಎತ್ತಿಟ್ಟಿದ್ದೆ.

ಆದರೆ ಕೊನೆಯ ಪೇಪರಿನ ದಿನವೇ ಮುನಿಸಿಪಾಲಿಟಿಯವರು ಮಕ್ಕಳಿಗೆ ದೇವಿ ಹಾಕಲು ಬರುತ್ತಾರೆಂದು ಗೊತ್ತಾಯಿತು. ಸಿಡುಬಿನ ಲಸಿಕೆಗೆ ನಮ್ಮ ಕಡೆ ಹಾಗೇ ಅನ್ನುವುದು. ಆಗಿನ ದೇವಿ ಈಗಿನ ಸೂಜಿಯಂತಲ್ಲ. ತೋಳಿನ ಚರ್ಮಕ್ಕೆ ಹಲ್ಲಿನ ಬಿಲ್ಲೆ ಒತ್ತಿ ಗರ್ರನೆ ತಿರುಗಿಸುತ್ತಿದ್ದರು. ಮೋಠ್ಯಾ ಬಾಯಿ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಆ ದಿನ ಮಾತ್ರ ಬದಲಿ ಇಲ್ಲದೆ ರಜೆ ಸಾಧ್ಯವೇ ಇಲ್ಲ ಎಂದರು. ಅವರದೂ ತಪ್ಪಲ್ಲ. ಹಿಂದೊಮ್ಮೆ ದೇವಿ ಹಾಕುವವರನ್ನು ಕಂಡು ಕುಂದಾ ಎಂಬ ಪುಟ್ಟ ಹುಡುಗಿ ರಸ್ತೆಗೆ ಓಡಿಹೋಗಿ, ಟ್ರಾಮಿಗೆ ಸಿಗುವುದರಲ್ಲಿದ್ದಳು. ಈ ಸಲವೂ ಸುದ್ದಿ ಕೇಳಿದಾಗಿನಿಂದ ಅವಳು ನನ್ನ ಸೆರಗು ಬಿಟ್ಟಿರಲಿಲ್ಲ.

ಪರೀಕ್ಷೆ ಬಿಟ್ಟರೆ ಡಿಗ್ರಿ ಇಲ್ಲ, ಬದಲಿ ಸಿಗದಿದ್ದರೆ ಕೆಲಸ ಇಲ್ಲ. ನನ್ನ ಜೊತೆ ನರ್ಸಿಂಗ್ ಕಲಿತ ಫಿಲೋಮಿನಾಳ ಕೈಕಾಲು ಹಿಡಿದೆ. ಮಂಗಳೂರಿನವಳು, ಬೈಕುಲ್ಲಾದಲ್ಲೇ ಒಂದು ಆಸ್ಪತ್ರೆಯಲ್ಲಿದ್ದಳು. "ನೀನು ಪಾಸಾಗು ಮಾರಾಯ್ತಿ, ಶಾಲೆಯನ್ನು ನಾನು ನೋಡಿಕೊಳ್ತೇನೆ. ಆದರೆ ನಿನ್ನ ಹಾಗೆ ಮಕ್ಕಳಿಗೆ ಭಾಷಣ ಮಾಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ," ಎಂದು ನಕ್ಕಳು.

ಪರೀಕ್ಷೆ ಬೈಕುಲ್ಲಾದಿಂದ ಮೈಲಿಗಟ್ಟಲೆ ದೂರ, ಫೋರ್ಟಿನಲ್ಲಿತ್ತು. ಫ್ಯಾನಿನ ಕೆಳಗೆ ಕೂತರೂ ಬೆವರು. ಫಿಲೋಮಿನಾ ಹೋದಳೋ ಇಲ್ಲವೋ, ಕುಂದಾ ಓಡಿದಳೋ ಏನೋ, ಇದೇ ತಲೆಯಲ್ಲಿ ಸುತ್ತುತ್ತಿತ್ತು. ಬರೆದದ್ದೇನೋ ಬರೆದೆ. ನಡುವೆ ಒಂದು ಉತ್ತರ ಬರೆದದ್ದು ಮಾತ್ರ ನೆನಪಿಲ್ಲ. ನೋಡಿದರೆ ಪುಟ ತುಂಬಿತ್ತು, ಅಕ್ಷರ ನನ್ನದೇ. ಗಾಬರಿಯಲ್ಲಿ ಹಾಗಾಗುತ್ತದೆ ಅಂದುಕೊಂಡೆ.

ಸಂಜೆ ಒಂದು ಪೊಟ್ಟಣ ಪೇಢೆ ಹಿಡಿದು ನೇರ ಫಿಲೋಮಿನಾಳ ಕೋಣೆಗೆ ಹೋದೆ. ಬಾಗಿಲು ತೆರೆದವಳೇ ಅಳುವುದಕ್ಕೆ ಶುರುಮಾಡಿದಳು. "ನನಗೆ ಹೋಗ್ಲಿಕ್ಕೇ ಆಗ್ಲಿಲ್ಲ ಮಾರಾಯ್ತಿ! ಬೆಳಿಗ್ಗೆ ಹೊರಡುವಾಗ್ಲೇ ವಾರ್ಡಿಗೆ ಎಳ್ಕೊಂಡು ಹೋದ್ರು. ಈಗ ಬಿಟ್ಟದ್ದು. ನಿನಗೆ ಹೇಳಿ ಕಳಿಸ್ಲಿಕ್ಕೂ ಜನ ಇಲ್ಲ." ಅವಳ ಸಮವಸ್ತ್ರದ ಮೇಲೆ ಇನ್ನೂ ರಕ್ತದ ಕಲೆಯಿತ್ತು. ಪೇಢೆ ಅಲ್ಲೇ ಇಟ್ಟು ಸ್ಟೇಷನ್ನಿಗೆ ನಡೆದೆ. ಜೋಗೇಶ್ವರಿಯ ಚಾಳಿನಲ್ಲಿದ್ದ ನನ್ನ ಬಾಡಿಗೆ ಕೋಣೆಗೆ ಹೇಗೆ ಬಂದೆನೋ, ರಾತ್ರಿ ಹೇಗೆ ಕಳೆಯಿತೋ, ಕೇಳಬೇಡಿ.

ಮರುದಿನ ಕೆಲಸ ಹೋಯಿತೆಂದೇ ತಿಳಿದು ಶಾಲೆಗೆ ಹೋದೆ. ಮೋಠ್ಯಾ ಬಾಯಿ ಮೆಟ್ಟಿಲ ಹತ್ತಿರವೇ ಸಿಕ್ಕರು. ಸಿಟ್ಟಿನ ಬದಲು ಅವರ ಮುಖದಲ್ಲಿ ಕನಿಕರ. "ಪರೀಕ್ಷೆ ಬಿಟ್ಟು ಬಂದುಬಿಟ್ಟೆಯಲ್ಲ ಹುಡುಗಿ," ಎಂದರು ಮರಾಠಿಯಲ್ಲಿ. "ನಿನ್ನೆ ನೀನಿಲ್ಲದಿದ್ದರೆ ಕಷ್ಟವಾಗುತ್ತಿತ್ತು."

ನಾನು ಬಂದೇ ಇಲ್ಲ, ಪರೀಕ್ಷೆಯಲ್ಲಿದ್ದೆ ಎಂದೆ. ಅವರು ನಕ್ಕರು. ವರಾಂಡದಿಂದ ಕಣ್ಣಾರೆ ಕಂಡಿದ್ದೇನೆ, ನೀನು ಮಕ್ಕಳ ಸಾಲಿನ ಮುಂದೆ ಕೂತಿದ್ದೆ ಎಂದರು. ಮುಖ ನೋಡಿದಿರಾ ಎಂದು ಕೇಳಿದೆ. ಬೆನ್ನು ಈ ಕಡೆ ಇತ್ತು, ಆದರೆ ನಿನ್ನ ಬೆನ್ನು ನನಗೆ ಗೊತ್ತಾಗುವುದಿಲ್ಲವೇ ಎಂದರು. ಚೀಲದಿಂದ ಹಾಲ್ ಟಿಕೆಟ್ ತೆಗೆದು ತೋರಿಸಿದೆ. ಅದರ ಮೇಲೆ ಆ ದಿನದ ಮೇಲ್ವಿಚಾರಕರ ಸಹಿ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ದನಿ ಇಳಿಸಿ, "ಇದನ್ನು ಒಳಗಿಡು. ನೀನು ಬಂದಿದ್ದೆ. ನಾನು ಹಾಜರಿಯಲ್ಲಿ ನಿನಗೆ ರಜೆ ಬರೆಯುವುದಿಲ್ಲ," ಎಂದವರೇ ಸರಸರನೆ ಹೊರಟುಹೋದರು.

ಯಾರೋ ಬೇರೆ ನರ್ಸ್ ಬಂದಿರಬೇಕು, ಮುನಿಸಿಪಾಲಿಟಿಯವರೇ ಕರೆತಂದಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ನನ್ನ ಕೋಣೆಗೆ ಬಂದೆ. ಬಾಗಿಲಲ್ಲಿ ಕುಂದಾ ನಿಂತಿದ್ದಳು. ತೋಳಿನಲ್ಲಿ ದೇವಿ ಹಾಕಿದ ಹಸಿ ಗುರುತು.

"ಬಾಯಿ," ಎಂದಳು, "ಇರಿವಿ ಮ್ಹಣಜೆ ಕಾಯ್?"

ಇರಿವಿ ಅಂದರೇನು ಎಂದು ಕೇಳುತ್ತಿದ್ದಳು ಹುಡುಗಿ. ಇರಿವಿ ಅಂದರೆ ಇರುವೆ, ನಮ್ಮ ವಿಜಾಪುರದ ಕಡೆಯ ಮಾತು. ಶಾಲೆಯಲ್ಲಿ ನನ್ನ ಹೊರತು ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ನಾನಂತೂ ಅಲ್ಲಿ ಮರಾಠಿ ಬಿಟ್ಟು ಬೇರೆ ಮಾತಾಡಿದವಳಲ್ಲ. ಫಿಲೋಮಿನಾ ನಿಜಕ್ಕೂ ಬಂದಿದ್ದು ನನಗೆ ಸುಳ್ಳು ಹೇಳಿದಳು ಅಂದುಕೊಂಡರೂ, ಮಂಗಳೂರಿನ ಕೊಂಕಣಿಯವಳ ಬಾಯಲ್ಲಿ ಇರಿವಿ ಹೇಗೆ ಬಂದೀತು? ಯಾರು ಹೇಳಿದರು ಎಂದು ಕೇಳಿದೆ. "ನೀವೇ," ಎಂದಳು ಕುಂದಾ. ನಿನ್ನೆ ತೋಳು ಹಿಡಿದುಕೊಂಡು ಹೇಳಿದಿರಲ್ಲ ಎಂದು, ಅರ್ಥ ತಿಳಿಯದ ಮಾತನ್ನು ಗಿಳಿಯಂತೆ ಒಪ್ಪಿಸಿದಳು: "ಇರಿವಿ ಕಡದಂಗ ಅಷ್ಟ, ಹೂಂ ಅನ್."

ಚಿಕ್ಕಂದಿನಲ್ಲಿ ನನಗೆ ದೇವಿ ಹಾಕಿಸುವಾಗ ಅವ್ವ ಅಂದದ್ದು ಇದೇ ಮಾತು, ಇದೇ ರಾಗ.

"ಆಮೇಲೆ ಇದು ಮಾಡಿದಿರಿ," ಎಂದು ಕುಂದಾ ತನ್ನ ಎರಡೂ ಅಂಗೈ ನನ್ನ ಕೆನ್ನೆಗೆ ಸವರಿ, ಬೆರಳು ಮಡಚಿ ತನ್ನ ಹಣೆಯ ಎರಡು ಬದಿಗೂ ಒತ್ತಿಕೊಂಡಳು. ನಮ್ಮ ಹೆಣ್ಣುಮಕ್ಕಳು ಲಟಿಕೆ ಮುರಿದು ದೃಷ್ಟಿ ತೆಗೆಯುವ ರೀತಿ. ನಾನು ಮೂಢನಂಬಿಕೆ ಎಂದು ಎಂದೋ ಬಿಟ್ಟದ್ದು. ಇನ್ನೊಮ್ಮೆ ಮಾಡಿ ಎಂದು ಹಟ ಹಿಡಿದಳು. ಯಾಕೋ ಇಲ್ಲ ಎನ್ನಲಾಗಲಿಲ್ಲ. ಅವಳ ಕೆನ್ನೆ ಸವರಿ ಬೆರಳು ಒತ್ತಿದೆ. ಒಂದು ಲಟಿಕೆಯೂ ಸದ್ದು ಮಾಡಲಿಲ್ಲ. ಕುಂದಾ ತಲೆಯಾಡಿಸಿ, "ಹೀಗಲ್ಲ ಬಾಯಿ. ನಿನ್ನೆ ಚೆನ್ನಾಗಿ ಮಾಡಿದಿರಿ," ಎಂದು ಮರಾಠಿಯಲ್ಲಿ ಹೇಳಿ ಆಟಕ್ಕೆ ಓಡಿದಳು.

ಒಬ್ಬ ಡಾಕ್ಟರರಿಗೆ ಇದನ್ನು ಹೇಳಿದ್ದೆ. ನಿಮ್ಮ ಮನಸ್ಸು ಶಾಲೆಯಲ್ಲಿತ್ತು, ದೇಹ ಪರೀಕ್ಷೆಯಲ್ಲಿತ್ತು ಎಂದರು. ಮನಸ್ಸು ಲಟಿಕೆ ಮುರಿಯುತ್ತದೆಯೇ ಸಾಹೇಬರೇ ಎಂದೆ. ಅವರು ಗಡಿಯಾರ ನೋಡಿಕೊಂಡರು. ಮೇ ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೂ ಹೇಳಿದೆ. ಅವಳು ಎಂದೂ ಮುಂಬಯಿ ಕಂಡವಳಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಪೋರಿ ಅತ್ತಳೇನು?"

"ಇಲ್ಲ ಅವ್ವಾ."

"ಹಂಗಾರ ಆತಲ್ಲ ಬಿಡು," ಎಂದಳು.

ನನಗೆ ಅಷ್ಟಕ್ಕೇ ಆತಲ್ಲ ಬಿಡು ಎನ್ನಲು ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಪಾಸಾದೆ, ಕಾಂಟ್ರಾಕ್ಟೂ ಉಳಿಯಿತು. ಆ ದಿನ ನಾನು ಬೈಕುಲ್ಲಾದಲ್ಲಿ ಕೆಲಸ ಮಾಡಿದೆ ಎಂದು ಶಾಲೆ ಪಗಾರ ಕೊಟ್ಟಿತು. ಆ ದಿನ ನಾನು ಫೋರ್ಟಿನಲ್ಲಿ ಪರೀಕ್ಷೆ ಬರೆದೆ ಎಂದು ಗೋಡೆಯ ಮೇಲಿನ ಡಿಗ್ರಿ ಹೇಳುತ್ತದೆ. ಎರಡೂ ನನ್ನ ಹೆಸರಿನಲ್ಲೇ ಇವೆ. ಒಬ್ಬಳೇ ಇರುವಾಗ ಬೆರಳು ಮಡಚಿ ಹಣೆಗೆ ಒತ್ತಿ ನೋಡುತ್ತೇನೆ. ಒಂದೂ ಲಟಿಕೆ ಬರುವುದಿಲ್ಲ.