ಅಪ್ಪನ ವಾಸನೆ ಇಲ್ಲದ ವೈನು

ಇದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಕೆರಗೋಡಿನ ನಮ್ಮ ಜಗಲಿಯ ಮೇಲೆ ಕೂತು, ಒಳಗಿದ್ದ ಅವ್ವನಿಗೂ ಕೇಳಲೆಂದೇ ದನಿ ಎತ್ತಿ ಹೇಳಿದರು: "ಕುಡುಕನ ಮಗ ಲೋಟ ಮೂಸ್ಬುಟ್ಟು ಸುಮ್ಕೆ ಕೆಳೀಕೆ ಮಡಗ್ತಾನಾ? ರಕ್ತದಾಗೇ ಅದೆ ಕಣ್ಲಾ. ನಿನ್ನ ಓದಿಸಿದ್ದು ಇದ್ಕೇನಾ?"

ತಪ್ಪು ಅವರೊಬ್ಬರದೇ ಅಲ್ಲ. ನಾನು ಕೆಲಸ ಮಾಡುವ ಮೈಸೂರಿನ ಹೋಟೆಲಿನವರು ವೈನಿನ ಕೋರ್ಸಿಗೆ ನನ್ನನ್ನು ಆರಿಸಿದ್ದಾರೆ ಎಂದು ಮನೆಯಲ್ಲಿ ಹೇಳಿದ್ದೆ. ನಮ್ಮ ಕಡೆ ‘ವೈನ್ಸ್’ ಅಂದರೆ ಬ್ರಾಂದಿ ಅಂಗಡಿ. ಬೋರ್ಡಿನ ಮೇಲೆ ಹಾಗೆಂದೇ ಬರೆದಿರುತ್ತದೆ. ಒಳಗೆ ಎಲ್ಲ ಸಿಗುತ್ತದೆ, ವೈನೊಂದು ಬಿಟ್ಟು. ಸಂಜೆಯೊಳಗೆ ನಾನು ವೈನ್ಸಿಗೆ ಸೇರಿದ್ದೇನೆಂದು ಬೀದಿಗೆಲ್ಲ ಗೊತ್ತಾಯಿತು. ಅಪ್ಪ ಅಂಥದೇ ಅಂಗಡಿಯ ಮುಂದೆ ಬಿದ್ದಿರುತ್ತಿದ್ದ. ಕೊನೆಗೆ ಲಿವರ್ ಹೋಗಿ, ಹೊಟ್ಟೆ ಊದಿ, ನಡುಮನೆಯಲ್ಲಿ ಸತ್ತ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಪಾತ್ರೆ ಎಸೆಯುತ್ತಿದ್ದ ಮನೆಯಲ್ಲಿ ಕೂತು ಬಿ.ಕಾಂ. ಓದಿದವನು. ಹೋಟೆಲಿಗೆ ಸೇರಿದ್ದು ಊಟ ಬಡಿಸಲು. ಕೋರ್ಸು ಪಾಸಾದರೆ ವೈನಿನ ಜವಾಬ್ದಾರಿ ನನ್ನದು. ಇಲ್ಲದಿದ್ದರೆ ತಟ್ಟೆ ಹೊರುವುದೇ ಗತಿ. ಆದರೆ ಕ್ಲಾಸು ಶುರುವಾದಂದಿನಿಂದ ಅವ್ವ ನನ್ನೊಡನೆ ಮಾತು ಬಿಟ್ಟಳು. ನಾನು ಬಸ್ಸಿಳಿದು ಬಂದರೆ ಬಾಗಿಲಲ್ಲಿ ನಿಂತು "ಊದು" ಅನ್ನುತ್ತಿದ್ದಳು, ಅಷ್ಟೇ. ಅಲ್ಲಿ ಯಾರೂ ಕುಡಿಯುವುದಿಲ್ಲ, ರುಚಿ ನೋಡಿ ಉಗಿಯುತ್ತೇವೆ ಎಂದು ಹೇಳಿ ನೋಡಿದೆ. ನಿಮ್ಮಪ್ಪನೂ ಮುಟ್ಟೇ ಇಲ್ಲ ಅಂತಿದ್ದ ಎಂದಷ್ಟೇ ಹೇಳಿ ಒಳಗೆ ಹೋದಳು.

ಕ್ಲಾಸಿನಲ್ಲಿ ನನ್ನ ಕಷ್ಟ ಬೇರೆ. ವಾಸನೆ ಹಿಡಿಯುವುದೇ ಈ ವಿದ್ಯೆ, ನನಗೆ ಮೂಗೇ ಇರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಪಕ್ಕದಲ್ಲಿ ಬಂದು ಬಿದ್ದುಕೊಂಡರೆ ಉಸಿರು ಬಿಗಿಹಿಡಿದು ಮಲಗುತ್ತಿದ್ದೆ. ಗ್ಲಾಸು ಹತ್ತಿರ ಬಂದರೆ ಮೈ ಈಗಲೂ ತಾನಾಗಿಯೇ ಹಾಗೆ ಮಾಡುತ್ತಿತ್ತು. ಕಲಿಸುತ್ತಿದ್ದ ಮೇಡಂ ಅದನ್ನು ಕಂಡುಹಿಡಿದರು. ನಿಮ್ಮ ಮೂಗು ಗ್ಲಾಸಿನೊಳಗಿದೆ, ಎದೆ ಮಾತ್ರ ಅಲ್ಲಾಡುತ್ತಿಲ್ಲ ಎಂದರು. ಉಳಿದವರು ನಕ್ಕರು. ನಾನು ಪುಸ್ತಕ ನೋಡಿ ಚೆರ್ರಿ, ಪ್ಲಮ್ ಎಂದು ಬರೆದು ದಿನ ತಳ್ಳುತ್ತಿದ್ದೆ. ಎರಡನ್ನೂ ತಿಂದವನಲ್ಲ.

ಒಂದು ಮಧ್ಯಾಹ್ನ ಅಮರೋನೆ ತಂದರು. ಉತ್ತರ ಇಟಲಿಯ ಗುಡ್ಡಗಾಡಿನ ಕೆಂಪು ವೈನು. ಅಲ್ಲಿಯವರು ಕೊಯ್ದ ದ್ರಾಕ್ಷಿಯನ್ನು ಕೂಡಲೇ ಹಿಂಡುವುದಿಲ್ಲ. ಗಾಳಿಯಾಡುವ ಅಟ್ಟದಲ್ಲಿ ಬಿದಿರಿನ ತಟ್ಟಿಗಳ ಮೇಲೆ ಹರವಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ನೀರು ಹೋಗಿ ಸುಕ್ಕಾದ ಮೇಲೆ ಹಿಂಡಿ ಹುದುಗು ಬರಿಸುತ್ತಾರೆ. ಸಿಹಿ ಹೆಚ್ಚುಕಮ್ಮಿ ಮುಗಿದು ಕಡೆಗೊಂದು ಕಹಿ ಉಳಿಯುತ್ತದೆ. ಹೆಸರಿನಲ್ಲೂ ಅದೇ ಇದೆ, ಅವರ ಭಾಷೆಯಲ್ಲಿ ‘ಅಮಾರೊ’ ಅಂದರೆ ಕಹಿ. ಕಹಿ ಎಂದು ಮೊದಲೇ ಹೇಳಿ ಮಾರುವವರ ಮೇಲೆ ನನಗೆ ಆಗಲೇ ನಂಬಿಕೆ ಬಂತು.

ಮೇಡಂ ನನ್ನ ಬೆನ್ನ ಹಿಂದೆ ನಿಂತು, ಮೊದಲು ಉಸಿರು ಪೂರ್ತಿ ಬಿಡಿ, ಈಗ ಎಳೀರಿ ಎಂದರು. ಎಳೆದೆ. ಅಪ್ಪ ಬರಲಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಪಾಕಕ್ಕೆ ಬಂದು ಅಂಚು ಸೀಯುವಾಗಿನ ವಾಸನೆ ಬಂತು. ಅದರ ಹಿಂದೆ ಉಪ್ಪು ಹಾಕಿ ಮಡಕೆಯಲ್ಲಿ ತುಂಬಿಟ್ಟ ಹಳೆ ಹುಣಸೆಹಣ್ಣು, ಆಮೇಲೆ ಹೊಗೆಸೊಪ್ಪು. ಬಾಯಿಗಿಟ್ಟರೆ ದಪ್ಪಗೆ, ಬೆಚ್ಚಗೆ ನಾಲಿಗೆ ತುಂಬಿತು. ಒಸಡು ಹಿಡಿಯುವ ಒಗರು. ತಡವಾಗಿ, ತೆಳ್ಳಗೆ, ಕಹಿ. ಬಲು ಚೆನ್ನಾಗಿತ್ತು. ಹೆದರಿಕೆಯಾದದ್ದು ಅದಕ್ಕೇ. ನುಂಗಬೇಕೆನ್ನಿಸಿತು. ಗಂಟಲ ತನಕ ಹೋದದ್ದನ್ನು ತಡೆದು ಉಗುಳುವ ಬಟ್ಟಲಿಗೆ ಉಗಿದೆ. ಪಕ್ಕದಲ್ಲಿದ್ದವರೂ ಉಗಿದರು, ಅವರಿಗೆ ಅದು ಕೋರ್ಸಿನ ಪದ್ಧತಿ, ಅಷ್ಟೇ. ನಾನು ನೀರು ಮುಕ್ಕಳಿಸಿ ಇನ್ನೊಮ್ಮೆ ಉಗಿದೆ. ದೊಡ್ಡಪ್ಪ ಹೇಳಿದ ರಕ್ತ ಇದೇ ಇರಬೇಕು ಅಂದುಕೊಂಡೆ.

ಪರೀಕ್ಷೆಯ ದಿನ ಬಾಟಲಿಗಳ ಹೆಸರು ಮುಚ್ಚಿ ಸಾಲಾಗಿ ಗ್ಲಾಸು ಇಟ್ಟಿದ್ದರು. ಪ್ರತಿಯೊಂದಕ್ಕೂ ಉಸಿರೆಳೆದೆ, ಪ್ರತಿಯೊಂದನ್ನೂ ಉಗಿದೆ. ಕೊನೆಯದಕ್ಕೆ ಚೆರ್ರಿ ಎಂದು ಬರೆಯಲಿಲ್ಲ. ಬೆಲ್ಲದ ಪಾಕ, ಹಳೆ ಹುಣಸೆ, ಹೊಗೆಸೊಪ್ಪು ಎಂದು ಬರೆದು, ಒಣಗಿಸಿದ ದ್ರಾಕ್ಷಿಯದು, ಅಮರೋನೆ ಎಂದು ಹೆಸರು ಹಾಕಿದೆ. ಪಾಸಾದೆ.

ಸರ್ಟಿಫಿಕೇಟು ತಂದು ಅವ್ವನ ಕೈಗೆ ಕೊಟ್ಟೆ. ಸೀರೆಗೆ ಕೈ ಒರೆಸಿಕೊಂಡು ಹಿಡಿದಳು. ಅಕ್ಷರ ಬಾರದವಳು, ಕುಡಿದವರಿಗೂ ಇದನ್ನು ಕೊಡುತ್ತಾರಾ ಎಂದು ಕೇಳಿದಳು. ಅಷ್ಟು ಗ್ಲಾಸು ನುಂಗಿದ್ದರೆ ಕೊನೆಯದರ ಹೆಸರು ಬರೆಯಲು ಕೈಯೇ ನಿಲ್ಲುತ್ತಿರಲಿಲ್ಲ, ಎಲ್ಲವನ್ನೂ ಉಗಿದವನಿಗೆ ಮಾತ್ರ ಇದು ಸಿಗುವುದು ಎಂದೆ. ಅದನ್ನು ಜೋಪಾನವಾಗಿ ನನ್ನ ಕೈಗೆ ಮರಳಿಸಿದಳು. ಆಮೇಲೆ ಹೇಳಿದಳು:

"ಊರೋರೆಲ್ಲ ನಿಮ್ಮಪ್ಪಂಗೆ ಉಗುದ್ರು ಕಣ್ ಮಗ. ಉಗ್ಯಾದ ಮಾತ್ರ ಒಬ್ರೂ ಕಲಿಸ್ನಿಲ್ಲ."